ಹತ್ತಕ್ಕೆ ಹತ್ತು ಕೊಡಿ ಸಾರ್

ಕಣದಲ್ಲಿ ಕಾಫಿ ಹರಡುತ್ತಿದ್ದೆ. ಫೋನ್ ಬಂತು. 'ಸಾರ್, ನಿಮ್ಮ ಪಿಕಪ್ ಗಾಡಿಯ ಸರ್ವಿಸ್ ಅನುಭವ ಹೇಗಿತ್ತು ಅಂತ ಕೇಳೋಕೆ ಫೋನ್ ಮಾಡಿದ್ದು' ಅಂತ ಒಂದು ಹುಡುಗಿ ಬಲು ನಯವಾಗಿ ಶುರುಮಾಡಿದಳು. 'ಅಲ್ಲಮ್ಮಾ, ಗಾಡಿ ಇನ್ನೂ ನಿಮ್ಮ ವರ್ಕ್‌ಶಾಪಲ್ಲೇ ಇದೆಯಲ್ಲ, ಇವತ್ತಿಗೆ 11 ದಿನ' ಅಂದೆ. ಅವಳು ಸ್ವಲ್ಪವೂ ತಡವರಿಸಲಿಲ್ಲ. 'ಸರಿ ಸಾರ್, ಆ 11 ದಿನದ ಅನುಭವಕ್ಕೆ ಹತ್ತರಲ್ಲಿ ಎಷ್ಟು ಕೊಡ್ತೀರಿ?'

ನಾಲ್ಕು ಅಂದೆ. ಅದೂ ಅವಳ ನಯಕ್ಕೆ.

ಐದು ನಿಮಿಷ ಆಗಿಲ್ಲ, ಸರ್ವಿಸ್ ಅಡ್ವೈಸರ್ ಫೋನ್. 11 ದಿನದಿಂದ ನಾನು ಮಾಡಿದ ಒಂದೂ ಕಾಲ್ ಎತ್ತದ ಮಹಾನುಭಾವ. 'ಏನ್ ಸಾರ್, ನಾಲ್ಕು ಕೊಟ್ಟುಬಿಟ್ಟಿದ್ದೀರಂತೆ, ನಾನೇನು ತಪ್ಪು ಮಾಡಿದೆ? ಹತ್ತು ಬಿಟ್ರೆ ಉಳಿದದ್ದೆಲ್ಲ ಸೊನ್ನೆ ಲೆಕ್ಕ ಸಾರ್. ಒಂಬತ್ತು ಕೊಟ್ರೂ ನನ್ನ ಇನ್ಸೆಂಟಿವ್ ಹೋಯ್ತು. ಮನೇಲಿ ಸಣ್ಣ ಮಗು ಇದೆ ಸಾರ್.' ಗಾಡಿ ರಿಪೇರಿಗೆ 11 ದಿನ ಸಾಲಲಿಲ್ಲ. ಅಂಕ ರಿಪೇರಿಗೆ ಐದೇ ನಿಮಿಷ.

2003ರಲ್ಲಿ ಅಮೆರಿಕದ ಫ್ರೆಡ್ ರೈಖೆಲ್ಡ್ ಅನ್ನುವವರು ಗಿರಾಕಿಗೆ ಉದ್ದುದ್ದ ಪ್ರಶ್ನೆ ಬೇಡ, ಒಂದೇ ಪ್ರಶ್ನೆ ಸಾಕು ಅಂದರು. ನಮ್ಮ ಬಗ್ಗೆ ಇನ್ನೊಬ್ಬರಿಗೆ ಹೇಳ್ತೀರಾ, 0ಯಿಂದ 10ರೊಳಗೆ ಎಷ್ಟು? 9, 10 ಅಂದವರು ಹೊಗಳುವವರು. 7, 8 ಅಂದವರು ಅತ್ತಲೂ ಇಲ್ಲ ಇತ್ತಲೂ ಇಲ್ಲ. 6 ಮತ್ತು ಕೆಳಗೆ ಬೈಯುವವರು. ತಪ್ಪೆಲ್ಲಿದೆ ಅಂತ ತಿಳಿಯೋಕೆ ಮಾಡಿದ ಲೆಕ್ಕ ಅದು. ಅದು ನಮ್ಮ ಘಟ್ಟ ಹತ್ತುವಷ್ಟರಲ್ಲಿ ಪ್ರಶ್ನೆ ಹೋಗಿ ಬೇಡಿಕೆ ಆಗಿದೆ. ನಮ್ಮ ಕಾಲದಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ 35 ಬಂದರೆ ಮನೆಯಲ್ಲಿ ಪಾಯಸ. ಇಲ್ಲಿ 90 ತೆಗೆದವನೂ ಫೇಲು.

ಕಂಪನಿ ಹೆಸರು ಹೇಳಲ್ಲ. ಮುಂದಿನ ಸರ್ವಿಸ್‌ಗೂ ನಾನೇ ಹೋಗಬೇಕಲ್ವಾ.

ತಪ್ಪು ನನ್ನದೂ ಇದೆ, ಬಿಡಿ. ಕಾಫಿಗೆ ಒಳ್ಳೆ ರೇಟ್ ಬಂದ ವರ್ಷ ಕೊಡಗಿನಲ್ಲಿ ಮೊದಲು ಬದಲಾಗೋದು ಮನೆ ಮುಂದಿನ ಗಾಡಿ. ಆ ವರ್ಷ ಕೊಡವ ಸಮಾಜದ ಯಾವ ಮದುವೆಗೆ ಹೋದರೂ ಗಂಡಸರ ಗುಂಪಿನಲ್ಲಿ ಅದೇ ಮಾತು. ಟೊಯೊಟಾ ಹೈಲಕ್ಸ್ ನಮ್ಮ ಬಿಡದಿಯಲ್ಲೇ ತಯಾರಾಗೋದಂತೆ ಅಂತ ಒಬ್ಬ, ಇಸುಜು ಡಿ-ಮ್ಯಾಕ್ಸ್ ಆಂಧ್ರದ ಶ್ರೀಸಿಟಿಯಿಂದ ಬರೋದು ಅಂತ ಇನ್ನೊಬ್ಬ, ಅದೆಲ್ಲ ಶೋಕಿ, 1.7 ಟನ್ನಿನ ಬೊಲೆರೊ ಪಿಕಪ್ ತಗೊಂಡ್ರೆ 50 ಕೆಜಿಯ 34 ಚೀಲ ಒಂದೇ ಸಲ ಸಿಪ್ಪೆ ತೆಗೆಯೋ ಕ್ಯೂರಿಂಗ್ ಮಿಲ್ಲಿಗೆ ಹೋಗುತ್ತೆ ಅಂತ ಮೂಲೆಯಲ್ಲಿ ಗ್ಲಾಸು ಹಿಡಿದು ನಿಂತ ಮತ್ತೊಬ್ಬ. ಟಾರ್ಕ್ ಎಷ್ಟು, ಸ್ಕ್ರೀನ್ ಎಷ್ಟು ಇಂಚು, ಸನ್‌ರೂಫ್ ಯಾಕಿಲ್ಲ, ಎಲ್ಲ ಆಯಿತು. ಕೆಟ್ಟರೆ ಎಲ್ಲಿಗೆ ಒಯ್ಯೋದು ಅಂತ ಒಬ್ಬನೂ ಕೇಳಲಿಲ್ಲ. ಮದುವೆ ಮನೆಯಲ್ಲಿ ಅಪಶಕುನ ಯಾಕೆ ಅಂತಲೋ ಏನೋ.

ಶೋರೂಮಿನಲ್ಲಿ ನಾನು ಕೇಳಿದೆ, ಸುಳ್ಳು ಹೇಳಬಾರದು. ಸೇಲ್ಸ್ ಹುಡುಗ ನಕ್ಕ. 'ಸಾರ್, ಇದು ಸರ್ವಿಸ್ ಕೇಳೋ ಗಾಡಿಯೇ ಅಲ್ಲ.' ಆಮೇಲೆ ಕೇಕು ಕಟ್ ಮಾಡಿಸಿದರು, ಬಾಗಿಲಿನಷ್ಟು ಉದ್ದದ ರಟ್ಟಿನ ಕೀ ಕೈಗೆ ಕೊಟ್ಟು ಫೋಟೋ ಹೊಡೆದರು. ನಮ್ಮ ಕೊಡಗಿನಲ್ಲೇ ಬೆಳೆದ ಕಾಫಿಯನ್ನು ಪುಡಿ ಮಾಡಿ, ಹಾಲಿನಪುಡಿ ಸೇರಿಸಿ, ಮಿಷನ್ನಿನಿಂದ ಕಾಗದದ ಲೋಟಕ್ಕೆ ಇಳಿಸಿ ನನಗೇ ಕುಡಿಸಿದರು. ಅಲ್ಲೇ ಹುಷಾರಾಗಬೇಕಿತ್ತು. ವರ್ಕ್‌ಶಾಪ್ ಇರೋದು ಮೈಸೂರಿನಲ್ಲಿ, ಹೋಗಿ ಬರೋಕೆ ಹತ್ತಿರ ಹತ್ತಿರ 200 ಕಿಮೀ ಅಂತ ಗೊತ್ತಾದದ್ದು ಮೊದಲ ಫ್ರೀ ಸರ್ವಿಸ್‌ಗೆ. ಫ್ರೀ ಅಂದರೆ ಕೂಲಿ ಮಾತ್ರ ಫ್ರೀ. ಆಯಿಲ್, ಫಿಲ್ಟರ್, ಎಸಿಗೆ ಹೊಡೆದ ವಾಸನೆ ಎಲ್ಲದಕ್ಕೂ ದುಡ್ಡು. ನಮ್ಮ ತೋಟದಲ್ಲಿ ಕೂಲಿಯವರಿಗೆ ಎಷ್ಟು ಕೊಟ್ಟರೂ ಜನ ಸಿಗಲ್ಲ, ಅಲ್ಲಿ ಕೂಲಿಯೊಂದೇ ಪುಕ್ಕಟೆ.

ಎರಡನೇ ಮಳೆಗಾಲ ಮುಗಿಯುವಾಗ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿತು. 2020ರ ಏಪ್ರಿಲ್‌ನಿಂದ ಬಿಎಸ್6 ಅನ್ನೋ ಹೊಗೆ ನಿಯಮ ಬಂತಲ್ಲ, ಅಲ್ಲಿಂದ ಡೀಸೆಲ್ ಗಾಡಿಗಳ ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ ಅಂತ ಒಂದು ಜರಡಿ ಇರುತ್ತೆ. ಹೊಗೆಯ ಮಸಿಯನ್ನು ಹಿಡಿದಿಡುತ್ತೆ. ಗಾಡಿ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಿದರೆ ಹೊಗೆ ಚೆನ್ನಾಗಿ ಕಾದು ಆ ಮಸಿ ಅಲ್ಲೇ ಸುಟ್ಟು ಬೂದಿಯಾಗುತ್ತೆ. ತೋಟದಲ್ಲಿ ಫಸ್ಟ್ ಗೇರು, ಸೆಕೆಂಡ್ ಗೇರು, ಕೆರೆ ಹತ್ತಿರ ನಿಲ್ಲಿಸು, ಕೂಲಿಯವರ ಲೈನ್ ಮನೆ ಹತ್ತಿರ ಹಾರ್ನ್ ಹೊಡಿ, ಇಷ್ಟೇ ಓಡಾಟ ಆದರೆ ಎಲ್ಲಿಂದ ಕಾಯಬೇಕು? ಜರಡಿ ಕಟ್ಟಿಕೊಳ್ಳುತ್ತೆ. ಇದನ್ನು ಮಾರುವಾಗ ಯಾರೂ ಹೇಳಲಿಲ್ಲ. ತೋಟಕ್ಕೆ ಅಂತ ಹೇಳಿಯೇ ತಗೊಂಡಿದ್ದೆ.

ಅಡ್ವೈಸರ್ ಫೋನಿನಲ್ಲೇ ಮದ್ದು ಹೇಳಿದ. (ಆಗ ಇನ್ನೂ ಫೋನ್ ಎತ್ತುತ್ತಿದ್ದ.) 'ಏನಿಲ್ಲ ಸಾರ್, ನಿಲ್ಲಿಸದೆ 20 ನಿಮಿಷ 60ರ ಮೇಲೆ ಓಡಿಸಿ, ದೀಪ ತಾನೇ ಆರುತ್ತೆ.' ನಿಲ್ಲಿಸದೆ! 60ರಲ್ಲಿ! ಕೊಡಗಿನಲ್ಲಿ! ಅವನು ಮೈಸೂರಿನ ರಿಂಗ್ ರೋಡ್ ನೋಡಿಕೊಂಡು ಮಾತಾಡ್ತಾ ಇದ್ದ. ಆದರೂ ಹೊರಟೆ. ಗೋಣಿಕೊಪ್ಪದಲ್ಲಿ ಸಂತೆ ದಿನ, ಹತ್ತು ನಿಮಿಷ ಗಾಡಿ ಮಿಸುಕಲಿಲ್ಲ. ತಿತಿಮತಿ ದಾಟಿದೆ, 60 ಮುಟ್ಟಿತು, ಇನ್ನೇನು ಅನ್ನುವಾಗ ಹಂಪು. ಆನೆಚೌಕೂರು ಕಾಡಿನ ರಸ್ತೆಯಲ್ಲಿ ಮುಂದೆ ನಾಲ್ಕು ಕಾರು ಸಾಲಾಗಿ ನಿಂತಿವೆ, ಏನಪ್ಪಾ ಅಂತ ನೋಡಿದರೆ ಒಂದು ಆನೆ ರಸ್ತೆ ಬದಿಯ ಬಿದಿರು ಮುರೀತಾ ಇದೆ. ಅದಕ್ಕೆ ಡಿಪಿಎಫ್ ಬಗ್ಗೆ ಯಾರು ಹೇಳೋದು? ಕೊನೆಗೆ ಹುಣಸೂರು ದಾಟಿದ ಮೇಲೆ ದೀಪ ಆರಿತು. ಯಾವ ಕೆಲಸವೂ ಇಲ್ಲದೆ ಒಂದು ಟೀ ಕುಡಿದು ವಾಪಸ್ ಬಂದೆ. ಈಗ ತಿಂಗಳಿಗೊಂದು ಸಲ ಗಾಡಿಯನ್ನು ವಾಕಿಂಗ್ ಕರಕೊಂಡು ಹೋಗ್ತೇನೆ. ಮನೆಯವಳು ಕೇಳಿದಳು, 'ಮಸಿ ಸುಡೋಕೆ ಅಷ್ಟು ಡೀಸೆಲ್ ಸುಡೋದಾ?'

ಅಪ್ಪನ ಕಾಲದ ಜೀಪು ಕೆಡುತ್ತಲೇ ಇರಲಿಲ್ಲ ಅಂತ ಹೇಳುವವರಿದ್ದಾರೆ. ಶುದ್ಧ ಸುಳ್ಳು. ವಾರಕ್ಕೆರಡು ಸಲ ಕೆಡುತ್ತಿತ್ತು. ಆದರೆ ಒಂದು ಸ್ಪಾನರ್, ಒಂದು ತುಂಡು ತಂತಿ, ನಾಲ್ಕು ಬೈಗುಳ ಇದ್ದರೆ ನಿಂತ ಜಾಗದಲ್ಲೇ ಮತ್ತೆ ಹೊರಡುತ್ತಿತ್ತು. ಈಗಿನದು ಕೆಡೋದೇ ಕಡಿಮೆ, ನಿಜ. ಕೆಟ್ಟರೆ ಮಾತ್ರ ಲ್ಯಾಪ್‌ಟಾಪ್ ಬರುವವರೆಗೆ ಕಲ್ಲಿನ ಹಾಗೆ ಕೂರುತ್ತೆ.

ಈ ಸಲದ 11 ದಿನಕ್ಕೆ ಕಾರಣ ಒಂದು ಇಲಿ. ಬಾನೆಟ್ ಒಳಗೆ ಬೆಚ್ಚಗಿತ್ತು, ವೈರ್ ಕಡಿದು ಹಾಕಿದೆ. ವಾರಂಟಿ 3 ವರ್ಷ ಇದೆ, ಪುಸ್ತಕದ ದಪ್ಪವೂ ಚೆನ್ನಾಗಿದೆ, ಆದರೆ ಅದರಲ್ಲಿ ಇಲಿ ಬರಲ್ಲ. ವೈರಿಂಗ್ ಸೆಟ್ ಬೆಂಗಳೂರಿನ ಗೋಡೌನ್‌ನಿಂದ ಬರಬೇಕಂತೆ. ಅಲ್ಲಿಯವರೆಗೆ ಫಸಲು ಸಾಗಿಸೋಕೆ ಗೋಣಿಕೊಪ್ಪದಿಂದ ಹಳದಿ ಬೋರ್ಡಿನ ಪಿಕಪ್ ಬಾಡಿಗೆಗೆ ಕರೆಸಿದೆ. ಅದರ ಡ್ರೈವರ್ ನನ್ನ ಶೆಡ್ಡಿನಲ್ಲಿ ಖಾಲಿ ಜಾಗ ನೋಡಿ ಕೇಳಿದ, 'ಗಾಡಿ ತಗೊಳ್ಳುವಾಗ ನಮ್ಮ ಸ್ಟ್ಯಾಂಡಲ್ಲಿ ಯಾರನ್ನಾದ್ರೂ ಕೇಳಿದ್ರಾ ಅಣ್ಣ? ಯಾವ ಪಾರ್ಟ್ ಇಲ್ಲೇ ಸಿಗುತ್ತೆ, ಯಾವುದಕ್ಕೆ ಕಾಯಬೇಕು, ಎಲ್ಲ ನಮಗೆ ಬಾಯಿಪಾಠ. ಗಾಡಿ ಕೆಡಲಿ, ಸಂಜೆಯೊಳಗೆ ಎದ್ದು ನಿಲ್ಲಬೇಕು ಅಷ್ಟೇ. ಇಲ್ಲಾಂದ್ರೆ ಕಂತು ಕಟ್ಟೋದು ಯಾರು?' ಕೇಳಿರಲಿಲ್ಲ. ಮೂರು ತಿಂಗಳು ಯೂಟ್ಯೂಬ್ ನೋಡಿದ್ದೆ. ರಾಜಸ್ಥಾನದ ಮರಳಿನಲ್ಲಿ ಗಾಡಿ ಹಾರಿಸಿದ್ದರು, ಚೆನ್ನಾಗಿತ್ತು.

ಕೊನೆಗೆ ಅಡ್ವೈಸರ್‌ಗೆ ಹತ್ತೇ ಕೊಟ್ಟೆ. ಮಗುವಿನ ಹೆಸರು ಹೇಳಿದ ಮೇಲೆ ಏನು ಮಾಡೋದು. ನನ್ನ ಹಾಗೇ ಎಲ್ಲರೂ ಕೊಟ್ಟಿರಬೇಕು. ಅಲ್ಲಿನ ಗೋಡೆ ಮೇಲೆ 'ಗ್ರಾಹಕರ ಸಂತೃಪ್ತಿಯಲ್ಲಿ ನಂಬರ್ ಒನ್' ಅಂತ ಒಂದು ಫಲಕ ಇದೆ. ಅದರ ಕೆಳಗಿನ ಬೆಂಚಿನಲ್ಲಿ ಸಂತೃಪ್ತರೆಲ್ಲ ಬೆಳಿಗ್ಗೆಯಿಂದ ಕೂತಿರುತ್ತಾರೆ.

ಗಾಡಿ 14ನೇ ದಿನಕ್ಕೆ ಬಂತು. ಮರುವಾರವೇ ವಿರಾಜಪೇಟೆಯಲ್ಲೊಂದು ಮದುವೆ. ಪಕ್ಕದ ತೋಟದ ಮಾವ ಹೆಗಲ ಮೇಲೆ ಕೈ ಹಾಕಿ ಕೇಳಿದರು, 'ಏನು ಮಗ, ಗಾಡಿ ಹೇಗೆ? ತಗೊಳ್ಳಬಹುದಾ?' ಜರಡಿ, ಇಲಿ, ಹುಣಸೂರು ಎಲ್ಲ ನಾಲಿಗೆ ತುದಿಗೆ ಬಂತು. ಸುತ್ತ ಹತ್ತು ಜನ ನೋಡ್ತಾ ಇದ್ದರು. ಅಷ್ಟು ಲಕ್ಷ ಸುರಿದು ಮೋಸಹೋದೆ ಅಂತ ಹತ್ತು ಜನರ ಮುಂದೆ ಹೇಳೋದು ಹೇಗೆ? 'ಸೂಪರ್ ಮಾವ, ಕಣ್ಣು ಮುಚ್ಚಿ ತಗೊಳ್ಳಿ' ಅಂದೆ.

ತಗೊಂಡರು. ಕೇಕು, ರಟ್ಟಿನ ಕೀ, ಫೋಟೋ ಎಲ್ಲ ಆಯಿತು. ಗಿರಾಕಿ ಕಳಿಸಿದ್ದಕ್ಕೆ ನನಗೊಂದು ಜೊತೆ ಫ್ಲೋರ್ ಮ್ಯಾಟ್ ಫ್ರೀ ಅಂದರು. ಎರಡು ತಿಂಗಳಾಯಿತು, ಗೋಡೌನ್‌ನಿಂದ ಬರಬೇಕಂತೆ. ಮೊನ್ನೆ ಆ ಹುಡುಗಿ ಫೋನ್ ಮಾಡಿ ಮ್ಯಾಟ್ ಹೇಗಿದೆ ಅಂತ ಕೇಳಿದಳು. ಹತ್ತು ಕೊಟ್ಟಿದ್ದೇನೆ.