ಬ್ಯಾಂಡ್‌ಗೆ ಇಂತಿಷ್ಟೇ ವಾದ್ಯ ಅಂತ ಗೊತ್ತುಮಾಡಬೇಕಾ?

ಪರ

ದಾವಣಗೆರೆಯ ಬ್ಯಾಂಡ್ ಸೆಟ್‌ಗಳಿಗೆ ಅಂತ ಯಾರೋ ಹೊಸದೊಂದು ಕೃತಿ ಬರೆಯಲು ಕೂತರು ಅಂದುಕೊಳ್ಳಿ. ಒಂದು ಸೆಟ್‌ನಲ್ಲಿ ಮೂರು ಕ್ಲಾರಿನೆಟ್, ಇನ್ನೊಂದರಲ್ಲಿ ಒಂದೂ ಇಲ್ಲ. ಯುಫೋನಿಯಂ (ತಗ್ಗು ದನಿಯ ದೊಡ್ಡ ಹಿತ್ತಾಳೆ ವಾದ್ಯ) ಇದೆ ಅಂತ ನಂಬಿ ಕೆಳಗಿನ ಸ್ವರಗಳನ್ನು ಬರೆದರೆ, ಊದುವವರೇ ಇರುವುದಿಲ್ಲ. ಪಾಯ ಇಲ್ಲದ ಮನೆ ಕಟ್ಟಿದ ಹಾಗೆ.

ಇದ್ದ ವಾದ್ಯಕ್ಕೇ ಕೊಟ್ಟರಾಯಿತು ಅಂದರೆ ಅದೂ ಸುಲಭವಲ್ಲ. ಹಾಳೆಯಲ್ಲಿ 'ಸಿ' ಎಂಬ ಪಾಶ್ಚಾತ್ಯ ಸ್ವರ ಇದ್ದರೆ ಬಿ ಫ್ಲ್ಯಾಟ್ ಟ್ರಂಪೆಟ್‌ನಲ್ಲಿ ಕೇಳಿಸುವುದು ಬೇರೆ ಸ್ವರ, ಬಿ ಫ್ಲ್ಯಾಟ್. ಆಲ್ಟೋ ಸ್ಯಾಕ್ಸೊಫೋನ್‌ನಲ್ಲಿ ಅದೇ 'ಸಿ' ಇ ಫ್ಲ್ಯಾಟ್ ಆಗುತ್ತದೆ. ಟ್ರಂಪೆಟ್‌ನವರ ಹಾಳೆಯನ್ನು ಸುಮ್ನೆ ಪಕ್ಕದವರಿಗೆ ದಾಟಿಸಲು ಆಗುವುದಿಲ್ಲ, ಮತ್ತೆ ಬರೆಯಬೇಕು. ಬ್ರಿಟನ್‌ನ ಬ್ರಾಸ್ (ಹಿತ್ತಾಳೆ ವಾದ್ಯಗಳ) ಬ್ಯಾಂಡ್‌ಗಳಿಗೆ ಈ ತಲೆನೋವಿಲ್ಲ. ಸ್ಪರ್ಧೆಗಳ ದೆಸೆಯಿಂದ ಅಲ್ಲಿ ಸುಮಾರು 25 ಊದುವವರು, ಜೊತೆಗೆ ತಾಳವಾದ್ಯ ಅಂತ ನಿಗದಿಯಾಗಿದೆ. ಒಂದು ಊರಿಗೆ ಬರೆದದ್ದನ್ನು ಇನ್ನೊಂದು ಊರಿನವರೂ ನುಡಿಸುತ್ತಾರೆ. ಬರೆಯುವವರಿಗೆ ಇದಕ್ಕಿಂತ ಜಾಸ್ತಿ ಏನು ಬೇಕು?

ವಿರೋಧ

ಹಾಳೆಯ ಮೇಲೆ ಎಲ್ಲ ಸರಿ. ಆದರೆ ಮದುವೆ ಸೀಸನ್‌ನಲ್ಲಿ ಒಂದೇ ಮುಹೂರ್ತಕ್ಕೆ ಎರಡು ಆರ್ಡರ್ ಬಂದರೆ ಸೆಟ್ ಒಡೆಯುತ್ತದೆ. ಕ್ಲಾರಿನೆಟ್ ಹರಿಹರಕ್ಕೆ, ಟ್ರಂಪೆಟ್ ಇಲ್ಲೇ ಕಲ್ಯಾಣ ಮಂಟಪದ ಬಾಗಿಲಿಗೆ. ಹಾಡು ಮಾತ್ರ ಎರಡೂ ಕಡೆ ನಡೆಯುತ್ತದೆ, ಏಕೆಂದರೆ ಕಿವಿಯಲ್ಲಿ ಕಲಿತವರಿಗೆ ಯಾರ ಪಾಲನ್ನಾದರೂ ಹಿಡಿಯಲು ಬರುತ್ತದೆ. ಇವರ ಮುಂದೆ ವಾದ್ಯಗಳ ಪಟ್ಟಿ ಹಿಡಿದರೆ ನಗುತ್ತಾರೆ, ಅಲ್ವಾ?

ಪಟ್ಟಿ ಮಾಡುವವರು ಯಾರು ಅನ್ನುವ ಮಾತೂ ಇದೆ. ಬ್ರಿಟನ್ನಿನದನ್ನೇ ತಂದರೆ ಕ್ಲಾರಿನೆಟ್‌ಗೇ ಜಾಗವಿಲ್ಲ, ಅಲ್ಲಿ ಬರೀ ಹಿತ್ತಾಳೆ. ದುರ್ಗದ ಮೆರವಣಿಗೆಯಲ್ಲಿ ಬ್ಯಾಂಡ್‌ನ ಹಿಂದೆಯೇ ಬರುವ ಸಮಾಳ ಎಂಬ ಚರ್ಮವಾದ್ಯವನ್ನು ಸೇರಿಸಿ ಬರೆಯಬೇಕು ಅನಿಸಿದರೆ? ಆ ಆಸೆಗೂ ಬೀಗ.

ದೊಡ್ಡ ಹೆಸರಿನವರೇ ಇಷ್ಟು ಬಿಗಿ ಮಾಡಿಲ್ಲ. ಇಂಗ್ಲೆಂಡಿನ ಸಂಗೀತ ರಚನಕಾರ ಗುಸ್ತಾವ್ ಹೋಲ್ಸ್ಟ್ 1909ರಲ್ಲಿ ಮಿಲಿಟರಿ ಬ್ಯಾಂಡ್‌ಗೆ ಬರೆದ ಮೊದಲ 'ಸ್ವೀಟ್' (suite, ಹಲವು ಭಾಗಗಳ ಕೃತಿ)ನಲ್ಲಿ ಹಲವು ವಾದ್ಯಗಳಿಗೆ 'ಇದ್ದರೆ ನುಡಿಸಿ' ಎಂಬಂತೆ ಗುರುತು ಹಾಕಿದರು. ಚಿಕ್ಕ ಬ್ಯಾಂಡ್‌ಗೂ ಅದು ಒದಗಿತು. ನನಗೆ ಈ ದಾರಿಯೇ ಸರಿ ಅನಿಸುತ್ತದೆ. ಬರೆಯುವವರಿಗೆ ಕೆಲಸ ಜಾಸ್ತಿ ಅನ್ನುವುದೂ ನಿಜ: ಯುಫೋನಿಯಂನವರು ಬಾರದ ದಿನಕ್ಕೆ ಅವರ ಮುಖ್ಯ ಸಾಲನ್ನು ಟೆನರ್ ಸ್ಯಾಕ್ಸೊಫೋನ್‌ನವರ ಹಾಳೆಯಲ್ಲೂ ಸಣ್ಣ ಅಕ್ಷರದಲ್ಲಿ ಬರೆದಿಡಬೇಕು.