ಎಷ್ಟು ಕೆಜಿ ಇಳಿದ್ರಿ ಅಂತ ಮಾತ್ರ ಕೇಳಬೇಡಿ

ನಿನ್ನೆ ಒಂದು ಪ್ರಾರ್ಥನಾ ಕೂಟಕ್ಕೆ ಹೋಗಿದ್ದೆ. ಯಾವ ಊರು, ಯಾವ ಹಾಲ್ ಅನ್ನೋದೆಲ್ಲ ಬೇಡ ಬಿಡಿ. ಹೊರಗಿನಿಂದ ಒಬ್ಬ ಬೋಧಕರು ಬಂದಿದ್ದರು. ಒಳ್ಳೆ ಕಂಠ, ಒಳ್ಳೆ ಜುಬ್ಬಾ. ಮಧ್ಯದಲ್ಲಿ ಸಾಕ್ಷಿ ಹೇಳೋಕೆ ಒಬ್ಬ ಹೆಂಗಸನ್ನು ಕರೆದರು. ಬೇಜಾರಾದಾಗಲೆಲ್ಲ ಸಿಹಿ ತಿನ್ನುವ ಚಟ ಇತ್ತಂತೆ, ಪ್ರಾರ್ಥನೆಯಿಂದ ಬಿಟ್ಟಿತಂತೆ. ನಾನು ಕುರ್ಚಿ ಮುಂದಕ್ಕೆ ಎಳೆದುಕೊಂಡು ಕೂತೆ. ನನ್ನದೇ ಕಥೆ ಅಲ್ವಾ! ಆಕೆ "ನನಗೆ ಆ ಬೇಜಾರು ಶುರುವಾಗಿದ್ದು ಹೇಗೆ ಅಂದ್ರೆ..." ಅಂತ ಬಾಯಿ ತೆರೆದರು. ಅಷ್ಟರಲ್ಲಿ ಬೋಧಕರು ಮೈಕಿಗೆ ಬಗ್ಗಿ, "ಅದಿರಲಿ ಅಮ್ಮಾ, ಎಷ್ಟು ಕೆಜಿ ಇಳಿದ್ರಿ?" ಅಂದರು. ಆಕೆ ಹೇಳಿದರು. ಚಪ್ಪಾಳೆಯೋ ಚಪ್ಪಾಳೆ. ಹಲ್ಲೆಲೂಯಾ. ಮೈಕ್ ವಾಪಸ್. ಆ ಬೇಜಾರು ಏನಿತ್ತು ಅಂತ ಹಾಲ್‌ನಲ್ಲಿ ಒಬ್ಬರೂ ಕೇಳಲಿಲ್ಲ.

ಆಮೇಲೆ ಟೀ ಜೊತೆ ಎಲ್ಲರಿಗೂ ಕೇಸರಿಬಾತ್ ಕೊಟ್ಟರು. ಸತ್ಯವಾಗ್ಲೂ.

ನನಗೆ ಮೈಯೆಲ್ಲ ಉರಿದುಹೋಯಿತು. ರಾತ್ರಿ ನಿದ್ದೆ ಬರಲಿಲ್ಲ. ಅದಕ್ಕೇ ಇದನ್ನು ಬರೀತಿದ್ದೇನೆ.

ನನ್ನ ವಿಷಯ ಇಲ್ಲಿ ಹೆಚ್ಚಿನವರಿಗೆ ಗೊತ್ತು. ನಮ್ಮನೆಯವರು ತೀರಿಕೊಂಡ ಮೇಲೆ ನಾನು ಹೇಗಿದ್ದೆ ಅಂತಲೂ ಗೊತ್ತು. ಗೊತ್ತಿಲ್ಲದ್ದು ಒಂದಿದೆ. ಅತ್ತೆಗೆ ಶುಗರ್. ಹಾಗಾಗಿ ಸಾಗರದ ಕಡೆಯಿಂದ ಬರುವ ಜೋನಿಬೆಲ್ಲದ ಡಬ್ಬಿಯನ್ನು ಅಟ್ಟಣಿಗೆ ಮೇಲೆ ಇಡುತ್ತಿದ್ದೆ. ಅವರು ಮಲಗಿದ ಮೇಲೆ ನಾನು ಸ್ಟೂಲ್ ಹತ್ತುತ್ತಿದ್ದೆ. ಲೈಟ್ ಹಾಕುತ್ತಿರಲಿಲ್ಲ, ಅವರ ಕೋಣೆಗೆ ಬೆಳಕು ಬೀಳುತ್ತದೆ. ಆ ಡಬ್ಬಿಯ ಮುಚ್ಚಳ ಬೆಲ್ಲ ಅಂಟಿ ಬಿಗಿಯಾಗಿರುತ್ತಿತ್ತು. ಚಮಚದ ಹಿಂಬದಿ ಕೊಟ್ಟು ಎತ್ತಿದರೆ 'ಟಕ್' ಅನ್ನುತ್ತಿತ್ತು. ಆ ಸದ್ದು ಕೇಳಬಾರದು ಅಂತ ಸೆರಗನ್ನು ಮುಚ್ಚಳದ ಮೇಲೆ ಒತ್ತಿ ಹಿಡಿದು ತೆಗೆಯುತ್ತಿದ್ದೆ. ಮೊದಲನೇ ಚಮಚದ ರುಚಿ ಗೊತ್ತಾಗುತ್ತಿತ್ತು. ಆಮೇಲಿನದು ಯಾವುದೂ ಗೊತ್ತಾಗುತ್ತಿರಲಿಲ್ಲ. ಸುಮ್ನೆ ಕೈ ಹೋಗುತ್ತಿತ್ತು, ಬಾಯಿ ತೆರೆಯುತ್ತಿತ್ತು.

ಹಸಿವಾ? ರಾಗಿಮುದ್ದೆ ಉಂಡು ಒಂದು ಗಂಟೆಯೂ ಆಗಿರುತ್ತಿರಲಿಲ್ಲ ಮಾರಾಯ್ರೆ, ಎಂಥ ಹಸಿವು.

ಇದನ್ನು ಚರ್ಚಿನಲ್ಲಿ ಗುರುಗಳ ಮುಂದೆ ಪಾಪ ಒಪ್ಪಿಕೊಳ್ಳುವ ಪಾಪನಿವೇದನೆಯಲ್ಲಿ ಹೇಳಿದೆ. "ಹೊಟ್ಟೆಬಾಕತನ ಮಾಡಿದ್ದೇನೆ ಫಾದರ್" ಅಂದೆ. ವಯಸ್ಸಾದ ಗುರುಗಳು. ಬೈಯುತ್ತಾರೆ, ಮೂರು ನಮೋ ಮರಿಯಾ ಪ್ರಾರ್ಥನೆ ಕೊಟ್ಟು ಕಳಿಸುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು ಬೇರೆ: "ಎಷ್ಟು ಹೊತ್ತಿಗೆ ತಿಂತೀಯಮ್ಮ?" ಹತ್ತು ಗಂಟೆ ಮೇಲೆ ಅಂದೆ. "ಆ ಹೊತ್ತಿಗೆ ಮನೇಲಿ ಏನು ನಡೀತಿರುತ್ತೆ?" ಏನೂ ಇಲ್ಲ ಫಾದರ್, ಮಗನ ಫೋನ್ ಬಂದಿರುತ್ತೆ, ಇಲ್ಲ ಬಂದಿರಲ್ಲ, ಅಷ್ಟೇ ಅಂದೆ. ಅಷ್ಟು ಹೇಳುವಷ್ಟರಲ್ಲಿ ಗಂಟಲು ಕಟ್ಟಿತು. ನನ್ನ ತೂಕ ಎಷ್ಟು ಅಂತ ಅವರು ಕೇಳಲೇ ಇಲ್ಲ ನೋಡಿ.

ಆ ರಾತ್ರಿಯಿಂದ ಹತ್ತು ಗಂಟೆಗೆ ಬೈಬಲಿನ 42ನೇ ಕೀರ್ತನೆ ಓದು ಅಂದಿದ್ದರು. ಅದರಲ್ಲಿ ಒಂದು ಸಾಲಿದೆ, ಹಗಲೂ ರಾತ್ರಿ ಕಣ್ಣೀರೇ ನನ್ನ ಊಟ ಅನ್ನುವ ಅರ್ಥದ್ದು. ಅದನ್ನು ಚಿಕ್ಕಂದಿನಿಂದ ಪೂಜೆಯಲ್ಲಿ ಕೇಳಿದ್ದೆ. ಅಡುಗೆಮನೆಯಲ್ಲಿ ನಿಂತು, ಕೈಯಲ್ಲಿ ಚಮಚ ಹಿಡಿದು ಓದಿರಲಿಲ್ಲ. ಅಳು ಬಂತು. ನಮ್ಮನೆಯವರು ಹೋದ ಮೇಲೆ ಜನರ ಎದುರು ಎಷ್ಟು ಬೇಕೋ ಅಷ್ಟು ಅತ್ತಿದ್ದೆ. ದೇವರ ಎದುರು ಜಗಳ ಆಡಿರಲಿಲ್ಲ. ಆವತ್ತು ಆಡಿದೆ. ಕನ್ನಡದಲ್ಲೂ ಆಡಿದೆ, ಕೊಂಕಣಿಯಲ್ಲೂ ಆಡಿದೆ. ಬೆಲ್ಲದ ಡಬ್ಬಿ ಇಳಿಸಿದ್ದೇ ಮರೆತುಹೋಯಿತು. ಬೆಳಿಗ್ಗೆ ನೋಡಿದರೆ ಡಬ್ಬಿ ಸುತ್ತ ಇರುವೆ.

ಒಂದೇ ರಾತ್ರಿಯಲ್ಲಿ ಬಿಟ್ಟುಹೋಯಿತು ಅಂತ ನಾನು ಹೇಳುತ್ತಿಲ್ಲ. ಹೇಳಿದರೆ ನನಗೂ ಚಪ್ಪಾಳೆ ಸಿಗುತ್ತಿತ್ತೇನೋ. ಸುಮಾರು ಸಲ ಸ್ಟೂಲ್ ಹತ್ತಿದೆ, ಸುಮಾರು ಸಲ ಹತ್ತಲಿಲ್ಲ. ಜಪಸರ ಕೈಯಲ್ಲಿದ್ದರೆ ಕೈಗೆ ಒಂದು ಕೆಲಸ ಇರುತ್ತೆ, ಅದೂ ಸಹಾಯಕ್ಕೆ ಬಂತು. ಈಗ ಆ ಹೊತ್ತಿಗೆ ಬೆಲ್ಲ ನೆನಪಾಗುವುದು ಅಪರೂಪ. ನೆನಪಾದರೆ, ಇವತ್ತು ಏನೋ ನೋಯುತ್ತಿದೆ ಅಂತ ತಿಳಿಯುತ್ತದೆ. ಇದಕ್ಕೆ ತಕ್ಕಡಿ ಎಲ್ಲಿಂದ ತರಲಿ?

ನನಗೆ ಸಿಟ್ಟು ಬರುವುದೇ ಇಲ್ಲಿ. ನಮ್ಮ ಬೋಧಕರಿಗೆ ಹೊಟ್ಟೆ ಕಾಣುತ್ತದೆ, ಅದರ ಮೇಲಿರುವ ಎದೆ ಕಾಣುವುದಿಲ್ಲ. ನಾಲ್ಕನೇ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿ ಇವಾಗ್ರಿಯಸ್ ಅಂತ ಒಬ್ಬ ಸನ್ಯಾಸಿ ಇದ್ದ. ಮನುಷ್ಯನನ್ನು ಕಾಡುವ ಎಂಟು ಕೆಟ್ಟ ಯೋಚನೆಗಳ ಪಟ್ಟಿ ಮಾಡಿದವನು ಅವನೇ. ಏಳು ಮಹಾಪಾಪಗಳ ಪಟ್ಟಿ ಮುಂದೆ ಅದರಿಂದಲೇ ಬಂತು. ಹೊಟ್ಟೆಬಾಕತನ ಅವನ ಪಟ್ಟಿಯಲ್ಲಿ ಮೊದಲನೆಯದು, ಸರಿ. ಆದರೆ ಅದೇ ಪಟ್ಟಿಯಲ್ಲಿ ದುಃಖವೂ ಇದೆ! ಇವರು ಮೊದಲನೆಯದನ್ನು ಓದಿ ಪುಸ್ತಕ ಮುಚ್ಚಿಬಿಡುತ್ತಾರೆ. ಒಂದೊಂದು ಕೆಟ್ಟ ಯೋಚನೆ ಬಂದಾಗಲೂ ತಿರುಗಿ ಹೇಳೋಕೆ ಅಂತ ಅವನು ಬೈಬಲ್ ವಚನಗಳನ್ನು ಬೇರೆ ಬೇರೆ ಮಾಡಿ ಕೂಡಿಸಿಟ್ಟಿದ್ದ. ನಮ್ಮ ಗುರುಗಳು ನನ್ನಿಂದ ಮಾಡಿಸಿದ್ದೂ ಹೆಚ್ಚುಕಡಿಮೆ ಅದೇ.

ಮತ್ತೆ ಆ 'ನಿಮ್ಮ ದೇಹ ದೇವಾಲಯ' ವಚನ. ನಿನ್ನೆ ಅದನ್ನೂ ಬಿಡಲಿಲ್ಲ. ಸ್ವಾಮಿ, ಸಂತ ಪೌಲ ಅದನ್ನು ಕೊರಿಂಥದವರ ವ್ಯಭಿಚಾರದ ವಿಷಯದಲ್ಲಿ ಬರೆದದ್ದು. ಒಂದು ಪ್ಯಾರಾ ಹಿಂದೆ ಮುಂದೆ ಓದಿ. ಕೇಸರಿಬಾತ್ ಅಲ್ಲೆಲ್ಲೂ ಇಲ್ಲ.

ಓದಲೇಬೇಕು ಅಂದರೆ ಎಲೀಯನ ಕಥೆ ಓದಿ, ಬೈಬಲಿನ ಅರಸರ ಮೊದಲನೇ ಗ್ರಂಥ, 19ನೇ ಅಧ್ಯಾಯ. ರಾಣಿಗೆ ಹೆದರಿ ಓಡಿಬಂದ ಪ್ರವಾದಿ ಗಿಡದ ಕೆಳಗೆ ಕೂತು, ಸಾಕು ಕರ್ತನೇ, ನನ್ನ ಪ್ರಾಣ ತೆಗೆದುಕೋ ಅನ್ನುತ್ತಾನೆ. ದೇವರು ಪ್ರಸಂಗ ಮಾಡಲಿಲ್ಲ. ದೂತನನ್ನು ಕಳಿಸಿ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ಕುಡಿಕೆ ನೀರು ಕೊಟ್ಟ. ಅವನು ತಿಂದು ಮತ್ತೆ ಮಲಗಿದ. ದೂತ ಮತ್ತೆ ಎಬ್ಬಿಸಿ ಮತ್ತೆ ತಿನ್ನಿಸಿದ. ಸೋತುಹೋದವನಿಗೆ ಮೊದಲು ಊಟ, ನಿದ್ದೆ. ಮಾತು ಆಮೇಲೆ, ಹೋರೇಬ್ ಬೆಟ್ಟದಲ್ಲಿ. ಅಲ್ಲೂ ಮೊದಲು ಕೇಳಿದ್ದು "ಇಲ್ಲೇನು ಮಾಡ್ತಿದ್ದೀಯ ಎಲೀಯ?" ಅಂತ. ಗಂಡ ಸತ್ತ ವರ್ಷ ನನಗೆ ಯಾರೂ ಹಾಗೆ ಕೇಳಲಿಲ್ಲ. ದಪ್ಪ ಆಗ್ತಿದ್ದೀಯ ಅಂದವರು ಮಾತ್ರ ಜಾಸ್ತಿ ಜನ.

"ಅಕ್ಕ, ಕೆಜಿ ಲೆಕ್ಕ ಕೇಳಿದರೆ ನಾಲ್ಕು ಜನಕ್ಕೆ ಹುರುಪು ಬರುತ್ತೆ, ತಪ್ಪೇನು?" ಅಂತ ನಿನ್ನೆ ಪಕ್ಕದಲ್ಲಿ ಕೂತಿದ್ದ ಹುಡುಗಿ ಕೇಳಿದಳು. ಸರಿ ಕಣಮ್ಮ, ಶುಗರ್ ಇದ್ದವರಿಗೆ ತೂಕ ಇಳಿದರೆ ಒಳ್ಳೆಯದೇ. ಅದನ್ನು ಡಾಕ್ಟರ್ ನೋಡಿಕೊಳ್ಳುತ್ತಾರೆ. ತೂಕ ಇಳಿಯದವಳ ಪ್ರಾರ್ಥನೆ ಸುಳ್ಳಾ ಹಾಗಾದರೆ? ನಾನು ಇಳಿದಿಲ್ಲ. ಥೈರಾಯ್ಡ್ ಇದೆ, ಮಂಡಿನೋವಿದೆ, ಇದ್ದ ಹಾಗೇ ಇದ್ದೇನೆ. ನಿನ್ನೆ ಆ ವೇದಿಕೆ ಮೇಲೆ ನಾನು ನಿಂತಿದ್ದರೆ ಹಾಲ್ ಪೂರ್ತಿ ಸುಮ್ಮನಿರುತ್ತಿತ್ತು. ಅಲ್ಲಿ ಕೂತಿದ್ದ ಹೆಂಗಸರಲ್ಲಿ ಅರ್ಧಕ್ಕರ್ಧ ನನ್ನ ಹಾಗೇ ಇದ್ದರು. ಅವರಿಗೆ ಬಂದದ್ದು ಹುರುಪಲ್ಲ, ನಾಚಿಕೆ. ನಾಚಿಕೆ ಆದವರು ಮನೆಗೆ ಹೋಗಿ ಏನು ಮಾಡುತ್ತಾರೆ ಅಂತ ನನ್ನನ್ನು ಕೇಳಿ.

ಪಾಸ್ಕ (ಈಸ್ಟರ್) ಹಬ್ಬಕ್ಕೆ ಮುಂಚಿನ ನಲವತ್ತು ದಿನದ ತಪಸ್ಸುಕಾಲ ಬೇರೆ ಶುರುವಾಗಿದೆ. ಧರ್ಮಸಭೆಯ ನಿಯಮ ಸುಲಭ: 18ರಿಂದ 59 ವರ್ಷದೊಳಗಿನವರಿಗೆ ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ ಉಪವಾಸ, ಅದೂ ಒಂದು ಪೂರ್ತಿ ಊಟ, ಎರಡು ಸಣ್ಣ ಊಟಕ್ಕೆ ಅವಕಾಶ ಕೊಟ್ಟು. ಸಕ್ಕರೆಯ ಮಾತೇ ಅದರಲ್ಲಿಲ್ಲ. ಸಿಹಿ ಬಿಡುವುದು ನಾವೇ ಹಾಕಿಕೊಳ್ಳುವ ವ್ರತ. ನಮ್ಮ ಗ್ರಹಚಾರಕ್ಕೆ ಸಾಗರ, ಹೊಸನಗರ, ಸೊರಬದ ಕಡೆ ಆಲೆಮನೆಯ ಕಾಲವೂ ಇದೇ. ಒಂದು ಕಡೆ ಬಿಸಿ ಬೆಲ್ಲದ ಘಮ, ಒಂದು ಕಡೆ ಶಿಲುಬೆ ಹಾದಿಯ ಪ್ರಾರ್ಥನೆ. ಎಷ್ಟೋ ಜನ ನಲವತ್ತು ದಿನ ಹಲ್ಲು ಕಚ್ಚಿಕೊಂಡಿದ್ದು, ಪಾಸ್ಕ ಹಬ್ಬದ ದಿನ ಬಡ್ಡಿ ಸಮೇತ ತಿನ್ನುತ್ತಾರೆ. ಇನ್ನು ಕೆಲವರು ಸಕ್ಕರೆ ಬಿಟ್ಟು ಬೆಲ್ಲ ಹಿಡಿಯುತ್ತಾರೆ. "ಬೆಲ್ಲ ಅಲ್ವಾ, ದೇವರು ಕೊಟ್ಟಿದ್ದು, ಏನಾಗಲ್ಲ." ದೇಹಕ್ಕೆ ಹೋದ ಮೇಲೆ ಎರಡೂ ಸಕ್ಕರೆಯೇ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಪ್ರಕಾರ ಇಂಥ ಸಕ್ಕರೆ ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ದರೆ ಒಳ್ಳೆಯದು. ಅಂದರೆ ಆರು ಟೀ ಚಮಚ. ಜೇನೂ ಆ ಲೆಕ್ಕದಲ್ಲೇ ಬರುತ್ತದೆ. ಜೇನು ಸಿಕ್ಕಿದರೆ ಸಾಕಾಗುವಷ್ಟು ಮಾತ್ರ ತಿನ್ನು, ಜಾಸ್ತಿಯಾದರೆ ಕಾರಿಕೊಳ್ಳುತ್ತೀಯ ಅಂತ ಜ್ಞಾನೋಕ್ತಿಯಲ್ಲೂ ಇದೆ.

ಇನ್ನೊಂದು ಮಾತು, ಇದು ಸೀರಿಯಸ್. ಪ್ರಾರ್ಥನೆಯಿಂದ ಶುಗರ್ ವಾಸಿಯಾಯಿತು ಅಂತ ಯಾರಾದರೂ ಹೇಳಿದರೆ ಮಾತ್ರೆ, ಇನ್ಸುಲಿನ್ ನಿಲ್ಲಿಸಬೇಡಿ. ಉಪವಾಸ ಇರುವ ಮುಂಚೆ ಡಾಕ್ಟರ್ ಹತ್ತಿರ ಕೇಳಿ. ನಮ್ಮ ಅತ್ತೆ ದಿನಾ ಜಪಸರ ಮಾಡುತ್ತಾರೆ, ದಿನಾ ಮಾತ್ರೆಯನ್ನೂ ನುಂಗುತ್ತಾರೆ. ಎರಡಕ್ಕೂ ಜಗಳ ಬಂದಿಲ್ಲ.

ಇಷ್ಟು ಬರೆದ ಮೇಲೂ ಯಾರೋ ಒಬ್ಬರು ಇನ್‌ಬಾಕ್ಸಿಗೆ ಬಂದು ಮೆಂತ್ಯ ನೀರು ಕುಡೀರಿ, ಚಕ್ಕೆ ಕಷಾಯ ಮಾಡ್ಕೊಳ್ಳಿ ಅನ್ನುತ್ತಾರೆ ಅಂತ ಗೊತ್ತು. ಕುಡಿದಾಗಿದೆ. ಎರಡೂ ಚೆನ್ನಾಗಿಲ್ಲ.