"ಲೈನ್ ಸರಿ ಇದೆ ಸಾರ್" ಅಂತ ಫೋನ್ ಇಡುವವರಿಗೆ

"ನಮ್ಮ ಕಡೆಯಿಂದ ಲೈನ್ ಸರಿ ಇದೆ ಸಾರ್, ನಿಮ್ಮ ಮನೆ ಒಳಗೇ ಏನೋ ಪ್ರಾಬ್ಲಂ." ಮನೆಯ ಇಂಟರ್ನೆಟ್ ಕೆಟ್ಟಿದೆ ಅಂತ ನಿಮ್ಮ ಕಂಪನಿಗೆ ಫೋನ್ ಮಾಡಿದಾಗಲೆಲ್ಲ ಈ ಮಾತು ಕೇಳಿ ಕೇಳಿ ತಲೆ ಕೆಟ್ಟು ಹೋಗಿದೆ. ಮನೆ ಒಳಗೆ ಇರುವುದೆಲ್ಲ ನೀವೇ ತಂದು ಕೂರಿಸಿದ್ದು ತಾನೇ? ವೈಫೈ ಬಾಕ್ಸ್ ನಿಮ್ಮದು. ಅದರ ಪಾಸ್‌ವರ್ಡ್ ನಿಮ್ಮ ಕೈಯಲ್ಲಿ. ಕೇಬಲ್ ತುದಿಗೆ ಕನೆಕ್ಟರ್ ಒತ್ತಿ ಕ್ರಿಂಪ್ ಮಾಡಿದ್ದು ನಿಮ್ಮ ಹುಡುಗ. ಹಾಗಿದ್ದಮೇಲೆ ಪ್ರಾಬ್ಲಂ ಯಾರದು?

ನಮ್ಮದು ಮೈಸೂರಿನಲ್ಲಿ 30-40 ಸೈಟಿನ ಮನೆ, ಮೂರು ಅಂತಸ್ತು. ಕೆಳಗೆ ಅಪ್ಪ ಅಮ್ಮ, ಮಧ್ಯದಲ್ಲಿ ನಾವು, ಮೇಲೆ ಹೆಂಡತಿಯ ಆಫೀಸ್ ರೂಮು. ಫೈಬರ್ ಲೈನ್, ಅದರ ಬಾಕ್ಸ್ ಬಂದು ನಿಂತಿರುವುದು ಕೆಳಗಿನ ಹಾಲ್‌ನ ಮೂಲೆಯಲ್ಲಿ, ಟಿವಿ ಹಿಂದೆ. ಯಾಕೆಂದರೆ ಲೈನ್ ಎಳೆಯಲು ಬಂದವರಿಗೆ ಆ ಕಿಟಕಿ ಸುಲಭವಾಗಿ ಸಿಕ್ಕಿತು. ಆರ್‌ಸಿಸಿ ಮೋಲ್ಡ್ ದಾಟಿ ಮೇಲಕ್ಕೆ ಸಿಗ್ನಲ್ ಬರಲ್ಲ ಅಂತ ಅವತ್ತೇ ಹೇಳಿದೆ. "ಬರುತ್ತೆ ಸಾರ್, ಇದು ಡ್ಯುಯಲ್ ಬ್ಯಾಂಡ್" ಅಂದರು. ಡ್ಯುಯಲ್ ಬ್ಯಾಂಡ್ ಅಂದರೆ ವೈಫೈಗೆ 2.4 ಗಿಗಾಹರ್ಟ್ಸ್, 5 ಗಿಗಾಹರ್ಟ್ಸ್ ಎರಡೂ ತರಂಗ ಇವೆ ಅಂತ, ಅಷ್ಟೇ. 5ರಲ್ಲಿ ವೇಗ ಜಾಸ್ತಿ, ಆದರೆ ಗೋಡೆ ದಾಟುವುದರಲ್ಲಿ ಅದು 2.4ಕ್ಕಿಂತ ದುರ್ಬಲ. ಕಬ್ಬಿಣ ತುಂಬಿದ ಎರಡು ಮೋಲ್ಡ್ ದಾಟಿ ಬಾ ಅಂದರೆ ಎಲ್ಲಿಂದ ಬರುತ್ತದೆ?

ಬರಲಿಲ್ಲ. ಕಂಪ್ಲೇಂಟ್ ಕೊಟ್ಟೆ. ಅದಕ್ಕೆ ಅವರು ಮಾಡಿದ್ದು ಇನ್ನೊಂದು ಡಬ್ಬಿ ಮಾರಿದ್ದು. ಬರೀ 2.4ರಲ್ಲಿ ಕೆಲಸ ಮಾಡುವ ಎಕ್ಸ್‌ಟೆಂಡರ್, ಅಂದರೆ ವೈಫೈ ಹಿಡಿದು ಮುಂದಕ್ಕೆ ಕಳಿಸುವ ಡಬ್ಬಿ. ಅದನ್ನು ತಂದು ಚುಚ್ಚಿದ್ದು ಎಲ್ಲಿ? ಸಿಗ್ನಲ್ ಆಗಲೇ ಸತ್ತು ಹೋಗಿದ್ದ ಬೆಡ್‌ರೂಮಿನಲ್ಲಿ. ಕೆಳಗಿನಿಂದ ಕೆಟ್ಟದಾಗಿ ಕೇಳಿಸಿಕೊಂಡದ್ದನ್ನು ಅದು ಜೋರಾಗಿ ಹೇಳುತ್ತದೆ, ಬೇರೇನೂ ಇಲ್ಲ. ಫೋನಿನಲ್ಲಿ ಸಿಗ್ನಲ್ ಫುಲ್, ವಿಡಿಯೋ ಮಾತ್ರ ಸುತ್ತುತ್ತಾ ಇರುತ್ತದೆ. ಕೆಳಗಿನ ನಲ್ಲಿಯಿಂದ ಒಬ್ಬನೇ ಬಿಂದಿಗೆ ತುಂಬಿ ಮೇಲಕ್ಕೆ ಹೊತ್ತು ಸುರಿದ ಹಾಗೆ: ಹಿಡಿಯುವಾಗ ಸುರಿಯಲು ಆಗಲ್ಲ, ಸುರಿಯುವಾಗ ಹಿಡಿಯಲು ಆಗಲ್ಲ. ಒಂದೇ ರೇಡಿಯೋ ಇರುವ ಎಕ್ಸ್‌ಟೆಂಡರ್‌ನಲ್ಲಿ ವೇಗ ಅರ್ಧಕ್ಕೆ ಇಳಿಯುವುದು ಇದಕ್ಕೇ. ಮಾರುವವರಿಗೆ ಇದು ಗೊತ್ತಿಲ್ಲ ಅಂತ ನಾನು ನಂಬಲ್ಲ.

ನಿಜವಾಗಿ ಹೊಟ್ಟೆ ಉರಿಸಿದ್ದು ಮೂರನೇ ಡಬ್ಬಿ. ಮೇಲಿನ ರೂಮಿಗೆ ಒಂದು ರೂಟರ್ ಕೊಟ್ಟು, ಹೊರಗೋಡೆ ಮೇಲೆ ಕೇಬಲ್ ಎಳೆದು, ಆ ತುದಿ ಈ ತುದಿ ಸಿಕ್ಕಿಸಿ, ಹಸಿರು ದೀಪ ತೋರಿಸಿ ಹೊರಟು ಹೋದರು. ಅವತ್ತಿನಿಂದ ಮನೆಯಲ್ಲಿ ನೆಮ್ಮದಿ ಇಲ್ಲ. ಹೆಂಡತಿಯ ಲ್ಯಾಪ್‌ಟಾಪ್ ವೈಫೈ ಕನೆಕ್ಟೆಡ್ ಅನ್ನುತ್ತದೆ, ಇಂಟರ್ನೆಟ್ ಇಲ್ಲ. ಅದೇ ಹೊತ್ತಿಗೆ ನನ್ನ ಫೋನಿನಲ್ಲಿ ಎಲ್ಲ ಸರಿ. ಅರ್ಧ ಗಂಟೆ ಬಿಟ್ಟರೆ ಉಲ್ಟಾ. ಅಪ್ಪ ಕೆಳಗೆ ರೂಟರ್ ಪಕ್ಕದಲ್ಲೇ ಕೂತಿರುತ್ತಾರೆ, ಅವರಿಗೂ ಬರಲ್ಲ! ಕಾಲ್ ಸೆಂಟರ್‌ಗೆ ಫೋನ್ ಮಾಡಿದರೆ "ರೀಸ್ಟಾರ್ಟ್ ಮಾಡಿ ಸಾರ್". ಮಾಡಿದರೆ ಸ್ವಲ್ಪ ಹೊತ್ತು ಸರಿ ಹೋಗುತ್ತದೆ. ಅಷ್ಟರಲ್ಲಿ ಕಂಪ್ಲೇಂಟ್ ಕ್ಲೋಸ್.

ಕೊನೆಗೆ ನಾನೇ ಕೂತು ನೋಡಿದೆ. ಕೆಳಗಿನ ಬಾಕ್ಸ್‌ನ ವಿಳಾಸ 192.168.1.1. ಮೇಲಿನ ರೂಟರ್‌ನ ವಿಳಾಸವೂ 192.168.1.1. ಎರಡರಲ್ಲೂ ಡಿಎಚ್‌ಸಿಪಿ ಆನ್. ಅಂದರೆ ಮನೆಗೆ ಬರುವ ಪ್ರತಿ ಫೋನಿಗೂ ಐಪಿ ಅನ್ನುವ ವಿಳಾಸದ ನಂಬರ್ ಹಂಚುವ ಕೆಲಸ ಇಬ್ಬರೂ ಮಾಡುತ್ತಿದ್ದಾರೆ, ಒಬ್ಬರಿಗೆ ಇನ್ನೊಬ್ಬರ ಲೆಕ್ಕ ಗೊತ್ತಿಲ್ಲ. ಒಂದೇ ನಂಬರ್ ಎರಡು ಸಾಧನಕ್ಕೆ ಹೋಗುತ್ತದೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಕೇಬಲ್ ಮೇಲಿನ ರೂಟರ್‌ನ ಲ್ಯಾನ್ (ಮನೆ ಒಳಗಿನ ಸಾಧನಗಳ) ಪೋರ್ಟಿನಲ್ಲಿದೆ, ಅದರ ವ್ಯಾನ್ (ಹೊರಗಿನ ಇಂಟರ್ನೆಟ್‌ನ) ಪೋರ್ಟ್ ಖಾಲಿ. ಇಂಟರ್ನೆಟ್‌ಗೆ ದಾರಿ ಹುಡುಕುತ್ತಾ ಫೋನು "192.168.1.1 ಯಾರು?" ಎಂದು ಕೇಳಿದಾಗ ಕೆಳಗಿನ ಬಾಕ್ಸ್ ಉತ್ತರ ಕೊಟ್ಟರೆ ಇಂಟರ್ನೆಟ್ ಬರುತ್ತದೆ. ಮೇಲಿನದು ಉತ್ತರ ಕೊಟ್ಟರೆ ಅಲ್ಲಿಂದ ಮುಂದೆ ದಾರಿಯೇ ಇಲ್ಲ. ಯಾರಿಗೆ ಯಾವಾಗ ಯಾರು ಉತ್ತರ ಕೊಡುತ್ತಾರೋ ಹೇಳಲು ಬರಲ್ಲ. ರೀಸ್ಟಾರ್ಟ್ ಮಾಡಿದಾಗ ಸರಿ ಹೋದಂತೆ ಕಂಡದ್ದೂ ಇದಕ್ಕೇ, ಮತ್ತೆ ಕೆಟ್ಟದ್ದೂ ಇದಕ್ಕೇ.

ಇದನ್ನು ಸರಿ ಮಾಡಲು ಹತ್ತು ನಿಮಿಷ ಸಾಕು. ಮೇಲಿನ ರೂಟರ್‌ಗೆ 192.168.1.2 ಅಂತ ಬೇರೆ ವಿಳಾಸ ಕೊಡಬೇಕು, ಅದರ ಡಿಎಚ್‌ಸಿಪಿ ಆಫ್ ಮಾಡಬೇಕು. ಆಗ ಅದು ಬರೀ ಆಕ್ಸೆಸ್ ಪಾಯಿಂಟ್ ಆಗುತ್ತದೆ, ಅಂದರೆ ಕೇಬಲ್‌ನಲ್ಲಿ ಬಂದದ್ದನ್ನು ವೈಫೈ ಆಗಿ ಕೊಡುವ ಡಬ್ಬಿ. ಎಷ್ಟೋ ರೂಟರ್‌ಗಳಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಅಂತಲೇ ಒಂದು ಆಯ್ಕೆ ಇರುತ್ತದೆ. ಹತ್ತು ನಿಮಿಷದ ಈ ಕೆಲಸ ಬಿಟ್ಟು ಹೋದದ್ದಕ್ಕೆ ನನ್ನ ಹೆಂಡತಿ ಆಫೀಸ್ ಮೀಟಿಂಗ್‌ನಲ್ಲಿ ಮತ್ತೆ ಮತ್ತೆ ಕಟ್ ಆಗಿ, ಮ್ಯಾನೇಜರ್ ಕೈಲಿ ಮಾತು ಕೇಳಬೇಕಾಯಿತು. ಅದರ ಲೆಕ್ಕ ಯಾರು ಕೊಡುತ್ತಾರೆ? ಮೇಲಿನ ರೂಟರ್‌ನ ಸೆಟ್ಟಿಂಗ್ ತೆರೆಯೋಣ ಅಂದರೆ ಹುಡುಗ ಏನೋ ಪಾಸ್‌ವರ್ಡ್ ಹಾಕಿ ಹೇಳದೇ ಹೋಗಿದ್ದ. ಪಿನ್ ಚುಚ್ಚಿ ರೀಸೆಟ್ ಮಾಡಿ ಮೊದಲಿಂದ ಎಲ್ಲ ನಾನೇ ಹಾಕಿದೆ.

ಕೇಬಲ್ ಕತೆ ಬೇರೆ. 300 ಎಂಬಿಪಿಎಸ್ ಪ್ಲಾನ್‌ಗೆ ದುಡ್ಡು ಕಟ್ಟುತ್ತೇನೆ. ಮೇಲಿನ ರೂಮಿನಲ್ಲಿ ತಂತಿ ಹಾಕಿ ನೋಡಿದರೂ 95ರ ಆಸುಪಾಸಿಗೆ ನಿಂತು ಬಿಡುತ್ತದೆ, ಒಂದು ಚೂರೂ ಮೇಲೆ ಹೋಗಲ್ಲ. "ವೈಫೈ ಅಂದರೆ ಅಷ್ಟೇ ಸಾರ್" ಎಂದರು. ತಂತಿಯಲ್ಲಿ ನೋಡಿದ್ದೇನೆ ಅಂತ ಹೇಳಿದರೂ ಅದೇ ಮಾತು. 95ಕ್ಕೆ ಸರಿಯಾಗಿ ನಿಲ್ಲುತ್ತಿದೆ ಅಂದರೆ ಲಿಂಕ್ 100ಕ್ಕೆ ಇಳಿದಿದೆ ಅಂತಲೇ ಅರ್ಥ. ಗಿಗಾಬಿಟ್‌ಗೆ, ಅಂದರೆ 1000ಕ್ಕೆ, ಕೇಬಲ್ ಒಳಗಿನ ಎಂಟೂ ತಂತಿ ಬೇಕು, 100ಕ್ಕೆ ನಾಲ್ಕು ಸಾಕು. ಕನೆಕ್ಟರ್ ಬೆಳಕಿಗೆ ಹಿಡಿದು ನೋಡಿದೆ. ಕಂದು ಬಣ್ಣದ ಜೋಡಿ ಒಳಗೆ ತಲುಪಿಯೇ ಇಲ್ಲ!

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಇದನ್ನು ಹೇಳಲೇಬೇಕು. ಅವನು ನಮ್ಮ ಮನೆಯಲ್ಲಿ ಕ್ರಿಂಪ್ ಮಾಡುವಾಗಲೇ ಮುಂದಿನ ಮನೆಯಿಂದ ಫೋನ್ ಮೇಲೆ ಫೋನ್. ಲೈನ್ ಟೆಸ್ಟರ್ ಕೂಡ ಅವನ ಬ್ಯಾಗಿನಲ್ಲಿ ಇರಲಿಲ್ಲ. ಕಲಿಸದೆ, ಸಾಮಾನು ಕೊಡದೆ, ಬೈಕಿನಲ್ಲಿ ಊರೆಲ್ಲ ಓಡಿಸುವವರ ಮೇಲೆ ನನ್ನ ಸಿಟ್ಟು. ಮೇಲೆ ಎಸಿ ರೂಮಿನಲ್ಲಿ ಕೂತು ಕ್ಲೋಸ್ ಆದ ಕಂಪ್ಲೇಂಟ್ ಎಣಿಸುವವರ ಮೇಲೆ.

ಮನೆ ಕಟ್ಟುವವರಿಗೂ ಒಂದು ಮಾತು. ಎಸಿಗೆ ಪೈಪ್ ಬಿಡುತ್ತೀರಿ, ಡಿಶ್‌ಗೆ ಬಿಡುತ್ತೀರಿ, ಗೀಸರ್‌ಗೆ ಬೇರೆ ಲೈನ್ ಹಾಕುತ್ತೀರಿ. ಅಂತಸ್ತಿನಿಂದ ಅಂತಸ್ತಿಗೆ ನೆಟ್‌ವರ್ಕ್ ಕೇಬಲ್ ಹೋಗಲು ಒಂದು ಪಿವಿಸಿ ಪೈಪ್ ಹಾಕಲು ಏನು ಕಷ್ಟ? ನಾನು ಕೇಳಿದಾಗ "ಈಗೆಲ್ಲ ವೈಫೈ ಅಲ್ವಾ ಸಾರ್, ವೈರ್ ಯಾಕೆ" ಅಂದರು. ವೈಫೈಗೇ ವೈರ್ ಬೇಕು! ಪ್ರತಿ ಅಂತಸ್ತಿನ ಆಕ್ಸೆಸ್ ಪಾಯಿಂಟ್‌ಗೂ ಕೇಬಲ್ ತಲುಪಿದರೆ ಮಾತ್ರ ಪೂರ್ತಿ ವೇಗ ಸಿಗುತ್ತದೆ. ಕ್ಯಾಟ್ 6 ಕೇಬಲ್ 100 ಮೀಟರ್‌ವರೆಗೆ ಗಿಗಾಬಿಟ್ ಒಯ್ಯುತ್ತದೆ, ನಮ್ಮ ಮನೆಗೆ ಅದರ ಕಾಲು ಭಾಗವೂ ಬೇಡ. ಗಾರೆ ಹಾಕುವ ಮುಂಚೆ ಮಾಡಿದ್ದರೆ ಮುಗಿದೇ ಹೋಗುತ್ತಿತ್ತು.

ಕೇಬಲ್ ಜೊತೆಗೆ ಈಗ ಉಳಿದಿರುವ ಇನ್ನೊಂದು ಜಗಳ ಚಾನೆಲ್‌ನದು, ಅಂದರೆ ಬ್ಯಾಂಡ್ ಒಳಗೆ ವೈಫೈ ಮಾತಾಡುವ ಜಾಗದ್ದು. 2.4ರಲ್ಲಿ ನಮ್ಮ ದೇಶದಲ್ಲಿ 13 ಚಾನೆಲ್ ಇದ್ದರೂ ಒಂದರ ಮೇಲೊಂದು ಬೀಳದಂತೆ ಸಾಮಾನ್ಯವಾಗಿ ಇಡುವುದು 1, 6, 11 ಮಾತ್ರ. ಅದೂ ಅಗಲ 20 ಮೆಗಾಹರ್ಟ್ಸ್‌ಗೆ ಇಟ್ಟರೆ. ಕೆಳಗಿನ ಬಾಕ್ಸನ್ನು ಇವರು 40ಕ್ಕೆ ಇಟ್ಟು ಬೀಗ ಹಾಕಿದ್ದಾರೆ. ಅಂದರೆ ಅದೊಂದೇ ಹತ್ತಿರ ಹತ್ತಿರ ಅರ್ಧ ಬ್ಯಾಂಡ್ ನುಂಗುತ್ತದೆ. ಅಕ್ಕಪಕ್ಕದ ಮನೆಗಳ ಗೋಡೆ ಮೂರು ಅಡಿ ದೂರದಲ್ಲಿವೆ, ಅವರ ರೂಟರ್‌ಗಳೂ ಇದೇ ಗಾಳಿಯಲ್ಲಿ ಮಾತಾಡಬೇಕು. ನಮ್ಮ ಮೇಲಿನ ಡಬ್ಬಿಗೆ ಜಾಗವೇ ಉಳಿದಿಲ್ಲ. ಕೆಳಗಿನದನ್ನು 20ಕ್ಕೆ ಇಳಿಸಿ, ಚಾನೆಲ್ 1ಕ್ಕೆ ಹಾಕಿ, ಇಲ್ಲ ಪಾಸ್‌ವರ್ಡ್ ಕೊಡಿ ನಾನೇ ಹಾಕುತ್ತೇನೆ ಅಂದೆ. "ಪಾಲಿಸಿ ಇಲ್ಲ ಸಾರ್." ಸರಿ, ನೀವೇ ಮಾಡಿ. "ಅದು ನಮ್ಮ ಲೆವೆಲ್‌ನಲ್ಲಿ ಆಗಲ್ಲ ಸಾರ್, ಮೆಶ್ ತಗೊಳ್ಳಿ, ತಿಂಗಳ ಬಾಡಿಗೆಗೆ ಸಿಗುತ್ತೆ." ಮೆಶ್ ಅಂದರೆ ಒಂದಕ್ಕೊಂದು ಮಾತಾಡಿಕೊಂಡು ಮನೆಗೆಲ್ಲ ವೈಫೈ ಕೊಡುವ ಡಬ್ಬಿಗಳು. ಅವೂ ಕೇಬಲ್ ಇಲ್ಲದಿದ್ದರೆ ಇದೇ ಮೋಲ್ಡ್ ದಾಟಿಯೇ ಮಾತಾಡಿಕೊಳ್ಳಬೇಕು. ಕೆಟ್ಟಿರುವ ಕೇಬಲ್ ಸರಿ ಮಾಡಿ ಅಂದರೆ ನಾಲ್ಕನೇ ಡಬ್ಬಿ ಮಾರಲು ಬರುತ್ತೀರಲ್ಲ!

ನಿನ್ನೆ ಮತ್ತೆ ಫೋನ್ ಬಂತು. ಕಂಪ್ಲೇಂಟ್ ಕ್ಲೋಸ್ ಮಾಡಬೇಕು, ಓಟಿಪಿ ಹೇಳಿ ಅಂತ. ಕೊಡಲಿಲ್ಲ. ಡಾಕೆಟ್ ನಂಬರ್, ಅಂದರೆ ದೂರಿನ ನಂಬರ್, ಬರೆದಿಟ್ಟುಕೊಂಡಿದ್ದೇನೆ. ಟೆಲಿಕಾಂ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ 2012ರ ದೂರು ನಿಯಮಗಳಲ್ಲಿ, ಕಂಪನಿ ಕೊಟ್ಟ ಪರಿಹಾರ ಸರಿ ಇಲ್ಲದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ 30 ದಿನದೊಳಗೆ ಬರೆಯಬಹುದು, ಶುಲ್ಕ ಇಲ್ಲ, ಅವರು 39 ದಿನದಲ್ಲಿ ತೀರ್ಮಾನ ಕೊಡಬೇಕು. ಕಂದು ಜೋಡಿ ಇಲ್ಲದ ಕನೆಕ್ಟರ್‌ನ ಫೋಟೋ, 95ಕ್ಕೆ ನಿಂತ ಸ್ಪೀಡ್ ಟೆಸ್ಟ್, ಎರಡು ರೂಟರ್‌ಗೂ ಒಂದೇ ವಿಳಾಸ ಇದ್ದ ಸ್ಕ್ರೀನ್‌ಶಾಟ್, ಮೂರನ್ನೂ ಸೇರಿಸಿ ಇವತ್ತು ರಾತ್ರಿ ಕಳಿಸುತ್ತಿದ್ದೇನೆ. ಕೇಬಲ್ ಮತ್ತೆ ಕ್ರಿಂಪ್ ಮಾಡಿ, ಚಾನೆಲ್ ಸರಿ ಮಾಡಿ ಹೋಗುವ ತನಕ ಓಟಿಪಿ ಸಿಗಲ್ಲ.